ಬಾರದ ಅತಿಥಿಯ ಸನ್ಮಾನ

ಅಮೆರಿಕದ ನಮ್ಮ ಕನ್ನಡ ಸಂಘದಲ್ಲಿ ಒಂದು ರೂಢಿಯಿದೆ. ಸನ್ಮಾನಕ್ಕೆ ಕರೆದವರು ಬರಲಾಗದಿದ್ದರೂ ಸನ್ಮಾನ ನಿಲ್ಲುವುದಿಲ್ಲ. ಅವರ ಊರಿನವರೊಬ್ಬರನ್ನು ಹುಡುಕಿ, ವೇದಿಕೆಯ ಮೇಲಿನ ಕುರ್ಚಿಯಲ್ಲಿ ಕೂರಿಸಿ, ಶಾಲನ್ನು ಅವರಿಗೆ ಹೊದಿಸುತ್ತಾರೆ. ಹೊದ್ದವರು ಅತಿಥಿಯ ಪರವಾಗಿ ಎರಡು ಮಾತು ಆಡುತ್ತಾರೆ. ನಾನು ಸಂಘಕ್ಕೆ ಹೋಗತೊಡಗಿ ಮೂರು ವರ್ಷವಾಯಿತು. ಕಾರ್ಯಕ್ರಮ ಎಷ್ಟು ಗಂಟೆಗೆ ಎಂದಿದ್ದರು, ಎಷ್ಟಕ್ಕೆ ಶುರುವಾಯಿತು, ಎಷ್ಟು ಜನಕ್ಕೆ ಶಾಲು ಎಂಬುದನ್ನೆಲ್ಲ ದಿನಚರಿಯಲ್ಲಿ ಬರೆದಿಡುವ ಅಭ್ಯಾಸ ನನಗಿದೆ. ಊರಿನವರು ಹೀಗೆ ಸನ್ಮಾನ ಸ್ವೀಕರಿಸಿದ್ದು ನಾಲ್ಕು ಸಲ. ಒಮ್ಮೆ ಹಾಸನದ ಗಾಯಕರೊಬ್ಬರ ಶಾಲು ಹೊದ್ದವರು ಹಾಸನದವರೇ ಅಲ್ಲ, ಅಲ್ಲಿ ಅವರ ಅತ್ತೆಯ ಮನೆ ಇತ್ತು ಅಷ್ಟೇ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದೆವು.

ಐದನೆಯ ಸಲದ್ದನ್ನು ಈಗ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಕಾಯುವುದೂ ಇಲ್ಲ.

ಈ ಸಲದ ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ ಯಾರೆಂಬುದು ಸೆಪ್ಟೆಂಬರಿನ ಸಭೆಯಲ್ಲಿ ತೀರ್ಮಾನವಾಯಿತು. ನಿವೃತ್ತ ಪೊಲೀಸ್ ಅಧಿಕಾರಿ. ಕೆಲಸದಲ್ಲಿದ್ದಾಗ ಏನು ಮಾಡಿದರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಈಗ ಅವರು ಭಾಷಣಕಾರರು. ಯುಟ್ಯೂಬಿನಲ್ಲಿ ಬದುಕು, ತಾಯ್ತನ, ಕರುಣೆಯ ಬಗ್ಗೆ ವಚನಗಳನ್ನು ಹೇಳಿ ಜನರನ್ನು ಅಳಿಸುತ್ತಾರೆ. ಸಂಘದ ಅಧ್ಯಕ್ಷರು ಮೈಸೂರಿನವರು, ಪಿಸ್ಕಾಟವೇಯ ಟೆಲಿಕಾಂ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾದವರು, ನಮಗೆಲ್ಲ ಅಂಕಲ್. ಅವರ ಮನೆಯ ಬೇಸ್‌ಮೆಂಟಿನಲ್ಲಿ ಕೂತು ಅತಿಥಿಯ ಒಂದು ವಿಡಿಯೊ ನೋಡಿದೆವು. ಇಬ್ಬರು ಆಂಟಿಯರು ಕಣ್ಣೊರೆಸಿಕೊಂಡರು. ಮತ ಹಾಕುವ ಪ್ರಮೇಯವೇ ಬರಲಿಲ್ಲ.

ಅಕ್ಟೋಬರಿನಲ್ಲಿ ಸುದ್ದಿ ಬಂತು: ಅತಿಥಿಗೆ ವೀಸಾ ಸಿಗಲಿಲ್ಲ.

ನಮ್ಮ ವಾಟ್ಸಾಪ್ ಗುಂಪು ಅಂದು ಉರಿದ ಹಾಗೆ ಎಂದೂ ಉರಿದಿರಲಿಲ್ಲ. ಒಂದು ಸಂಜೆಯಲ್ಲಿ ನೂರಹನ್ನೆರಡು ಸಂದೇಶ. ‘ಇದು ಕನ್ನಡಕ್ಕೆ ಆದ ಅವಮಾನ.’ ‘ಇಂಥ ಸಾತ್ವಿಕರಿಗೇ ವೀಸಾ ಇಲ್ಲ ಅಂದ್ರೆ!’ ‘ಟ್ಯಾಕ್ಸ್ ಕಟ್ಟೋಕೆ ಮಾತ್ರ ನಾವು ಬೇಕು.’ ನಿರಾಕರಣೆಗೆ ಏನು ಕಾರಣ ಕೊಟ್ಟರು ಎಂದು ನೂರಹನ್ನೆರಡರಲ್ಲಿ ಒಂದೂ ಕೇಳಲಿಲ್ಲ.

ನನ್ನ ಕೆಲಸ ಜರ್ಸಿ ಸಿಟಿಯ ಬ್ಯಾಂಕೊಂದರಲ್ಲಿ. ನದಿಯ ದಂಡೆಯ ಗಾಜಿನ ಕಟ್ಟಡದಲ್ಲಿ ಕೂತು ಹೆಸರುಗಳನ್ನು ತಾಳೆ ನೋಡುತ್ತೇನೆ. ಸರ್ಕಾರ ನಿರ್ಬಂಧ ಹಾಕಿದವರ ಪಟ್ಟಿಗೂ ನಮ್ಮ ಗ್ರಾಹಕರ ಹೆಸರಿಗೂ ಹೋಲಿಕೆ ಕಂಡರೆ ಕಂಪ್ಯೂಟರ್ ಕೂಗುತ್ತದೆ. ಇವರು ಅವರಲ್ಲ ಎಂದು ನಾನು ಖಚಿತಪಡಿಸಬೇಕು. ಕೂಗಿಸಿಕೊಳ್ಳುವ ಹೆಸರುಗಳಲ್ಲಿ ಹೆಚ್ಚಿನವು ಮುಸ್ಲಿಮರವು, ಹೆಚ್ಚಿನವರು ಯಾವ ತಪ್ಪನ್ನೂ ಮಾಡದವರು. ಈ ಕೆಲಸದಿಂದಾಗಿ ನನಗೆ ಗೊತ್ತಿದ್ದ ಸಂಗತಿಯೊಂದಿತ್ತು. ಚಿತ್ರಹಿಂಸೆ, ಕಸ್ಟಡಿ ಸಾವುಗಳಲ್ಲಿ ಕೈಯಿದೆಯೆಂದು ಕಂಡವರಿಗೆ ಈ ದೇಶ ವೀಸಾ ನಿರಾಕರಿಸಬಹುದು. ಕೆಲವರ ಹೆಸರನ್ನು ಬಹಿರಂಗವಾಗಿ ಹೇಳುತ್ತಾರೆ. ಉಳಿದವರದನ್ನು ಹೇಳುವುದಿಲ್ಲ. ವೀಸಾ ಕಡತ ಗುಟ್ಟಿನದು.

ಅತಿಥಿಯ ಹೆಸರನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಿದೆ. ಒಂದು ಮಧ್ಯಾಹ್ನ ಸಾಕಾಯಿತು. ಉತ್ತರ ಕರ್ನಾಟಕದ ಒಂದು ಪಟ್ಟಣದಲ್ಲಿ ಅವರು ಇನ್ಸ್‌ಪೆಕ್ಟರ್ ಆಗಿದ್ದಾಗ ಠಾಣೆಯಲ್ಲಿ ಒಬ್ಬ ಸತ್ತಿದ್ದ. ತಪ್ಪಿಸಿಕೊಳ್ಳಲು ಹೋಗಿ ಹಿತ್ತಲ ಬಾವಿಗೆ ಬಿದ್ದ ಎಂದು ಪೊಲೀಸರು, ಹೊಡೆದು ಕೊಂದರು ಎಂದು ಮನೆಯವರು. ಇಬ್ಬರು ಕಾನ್‌ಸ್ಟೆಬಲ್‌ಗಳ ಅಮಾನತು, ಸಾಕ್ಷಿಗಳಿಲ್ಲವೆಂದು ಎಲ್ಲರ ಬಿಡುಗಡೆ. ಮಾನವ ಹಕ್ಕುಗಳ ಗುಂಪೊಂದು ಈ ಸಾವಿನ ಮೇಲೆ ವರದಿ ಬರೆದಿತ್ತು. ವೀಸಾ ತಪ್ಪಿದ್ದು ಅದರಿಂದಲೇ ಎಂದು ನಾನು ಹೇಳಲಾರೆ. ಬೇರೆ ಕಾರಣವಿರಲೂಬಹುದು. ಆದರೆ ಸತ್ತವನಂತೂ ಸತ್ತಿದ್ದ.

ಅದನ್ನೆಲ್ಲ ಪ್ರಿಂಟ್ ತೆಗೆದು ಮುಂದಿನ ಕಮಿಟಿ ಸಭೆಯಲ್ಲಿ ಅಂಕಲ್ ಮುಂದಿಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ ಮೊದಲ ಹಾಳೆ ನೋಡಿದರು. ಎರಡನೆಯದನ್ನು ತಿರುವಲಿಲ್ಲ.

“ಕೋರ್ಟೇ ಬಿಟ್ಟಿದೆ ಅಲ್ವೇನಮ್ಮಾ?”

“ಸಾಕ್ಷಿ ಇಲ್ಲ ಅಂತ ಬಿಟ್ಟಿದೆ ಅಂಕಲ್.”

“ಬಿಟ್ಟಿದೆ ತಾನೇ? ಪೊಲೀಸ್ ಕೆಲಸ ಅಂದ್ಮೇಲೆ ಇಂಥದ್ದೆಲ್ಲಾ ಇರುತ್ತೆ. ನೀನು ದಿನಾ ಆಫೀಸಲ್ಲಿ ಕಳ್ಳರ ಹೆಸರು ನೋಡಿ ನೋಡಿ ಈಗ ಎಲ್ರೂ ಕಳ್ಳರ ಥರಾನೇ ಕಾಣ್ತಿದಾರೆ ನಿಂಗೆ.”

ಪಕ್ಕದಲ್ಲಿದ್ದ ಆಂಟಿ ನಕ್ಕರು. “ಒಂದು ಮದುವೆ ಮಾಡಿದ್ರೆ ಎಲ್ಲಾ ಸರಿಹೋಗತ್ತೆ ಬಿಡಿ.”

ಹಾಳೆಗಳ ಮೇಲೆ ಉಪ್ಪಿಟ್ಟಿನ ತಟ್ಟೆ ಬಂದು ಕೂತಿತು. ವಿಡಿಯೊ ಮೂಲಕವೇ ಸನ್ಮಾನ ಮಾಡಿಬಿಡೋಣ ಎಂದು ಅಂದೇ ನಿರ್ಧಾರವಾಯಿತು. ‘ಅವರು ಬಾಗಿಲು ಮುಚ್ಚಿದ್ರೆ ನಾವು ಪರದೆ ತೆಗೀತೀವಿ’ ಎಂದು ಅಂಕಲ್ ಗುಂಪಿನಲ್ಲಿ ಬರೆದರು. ನಲವತ್ತು ಜನ ಕೈಮುಗಿದ ಚಿತ್ರ ಹಾಕಿದರು.

ನನ್ನ ಸಿಟ್ಟು ಆಗ ಎರಡೂ ಕಡೆಗಿತ್ತು. ಬಾಗಿಲು ಮುಚ್ಚಿದವರು ಇಂಥ ಕಾರಣಕ್ಕೆ ಮುಚ್ಚಿದೆವು ಎಂದು ಒಂದು ಸಾಲು ಹೇಳಿದ್ದರೆ ಅಂಕಲ್ ಬಾಯಲ್ಲಿ ಆ ಮಾತು ಹೊರಡುತ್ತಿರಲಿಲ್ಲ. ಏನೂ ಹೇಳದೆ ಮುಚ್ಚಿದ್ದರಿಂದ ಒಳಗೆ ಬರಲಾಗದವನು ಇಲ್ಲಿ ಹುತಾತ್ಮನಾಗಿ ಕೂತ.

ವಿಡಿಯೊದಲ್ಲಿ ಶಾಲು ಹೊದಿಸಲಾಗುವುದಿಲ್ಲವಲ್ಲ, ಊರಿನವರು ಬೇಕು. ಅತಿಥಿಯ ಹುಟ್ಟೂರಿನವರು ಯಾರೂ ಸಿಗಲಿಲ್ಲ. ಸೇವೆ ಸಲ್ಲಿಸಿದ ಊರಾದರೂ ಆದೀತು ಎಂದು ಅಂಕಲ್ ಸದಸ್ಯರ ಊರುಗಳನ್ನೆಲ್ಲ ಜಾಲಾಡಿದರು. ಒಬ್ಬರು ಸಿಕ್ಕರು. ನಮ್ಮ ಕನ್ನಡ ಶಾಲೆಯ ಟೀಚರ್.

ಟೀಚರನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ವಾರದ ದಿನಗಳಲ್ಲಿ ಜರ್ಸಿ ಸಿಟಿಯ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಭಾನುವಾರ ಪಿಸ್ಕಾಟವೇಯಲ್ಲಿ ಸಂಘದ ಬಾಡಿಗೆ ಕೋಣೆಯಲ್ಲಿ ಇಪ್ಪತ್ತೆರಡು ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಅವಳಿಗೆ ಡ್ರೈವಿಂಗ್ ಬರುವುದಿಲ್ಲ. ಪ್ರತಿ ಭಾನುವಾರ ನನ್ನ ಕಾರಿನಲ್ಲಿ ಹೋಗುತ್ತೇವೆ, ಮಕ್ಕಳ ಹಾಜರಿ ನಾನು ಬರೆಯುತ್ತೇನೆ. ಊರಿಗೆ ಹೋಗಿಬಂದು ನೂವರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದಾಗಲೆಲ್ಲ ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದು ಕೂರಿಸುತ್ತಾರೆ. ಅವಳ ಹೆಸರು ಯಾರದೋ ಹೆಸರಿಗೆ ಹತ್ತಿರವಂತೆ. ‘ನಿನ್ನಂಥಾಕಿ ಯಾವಳರೆ ಕುಂತು ತಾಳೆ ನೋಡತಾಳ, ಬಿಡತಾರ’ ಎಂದು ನಗುತ್ತಾಳೆ.

ಅಂಕಲ್ ಫೋನ್ ಮಾಡಿದ್ದು ಒಂದು ಭಾನುವಾರ, ಪಾಠ ಮುಗಿದು ನಾವು ಕುರ್ಚಿ ಜೋಡಿಸುತ್ತಿದ್ದಾಗ. ಅಕ್ಕ ಸ್ಪೀಕರಿನಲ್ಲಿಟ್ಟಳು.

“ಟೀಚರ್, ಗುಡ್ ನ್ಯೂಸ್! ಸಾಹೇಬ್ರು ನಿಮ್ಮೂರಲ್ಲೇ ಇನ್ಸ್‌ಪೆಕ್ಟರ್ ಆಗಿದ್ರಂತೆ. ಅವರ ಪರವಾಗಿ ನೀವೇ ಶಾಲು ತಗೋಬೇಕು. ಒಬ್ಬ ಮುಸ್ಲಿಂ ಹೆಣ್ಮಗಳು, ಕನ್ನಡ ಟೀಚರ್, ಅವರೂರಿನ ಮಗಳು! ಇದಕ್ಕಿಂತ ಸೌಹಾರ್ದ ಬೇಕಾ? ಫೋಟೊ ಪೇಪರಿಗೂ ಕಳಿಸೋಣ.”

ಅಕ್ಕ ಒಂದು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಒಂದು ಪ್ರಶ್ನೆ ಕೇಳಿದಳು. “ಅವರು ಪರದೆ ಮ್ಯಾಲೆ ಇರತಾರೇನ್ರಿ? ನಾ ಮಾತಾಡಿದ್ದು ಅವರಿಗೆ ಕೇಳತೈತೇನು?”

“ಎಲ್ಲಾ ಲೈವ್! ಕೇಳತ್ತೆ, ಕಾಣತ್ತೆ.”

“ಹಂಗಾರ ಆತ್ರಿ. ಸ್ವೀಕಾರ ಮಾಡತೀನಿ.”

ಕಾರಿನಲ್ಲಿ ಕೂತ ಕೂಡಲೇ ನಾನು ಕೂಗಾಡಿದೆ. ಆ ಊರಿನಲ್ಲಿ ಅವನೇನು ಮಾಡಿದ್ದ ಗೊತ್ತಾ, ಓದಿದೀನಿ ನಾನು, ಠಾಣೆಯಲ್ಲಿ ಒಬ್ಬನ್ನ ಕೊಂದಿದಾರೆ, ಅವನ ಶಾಲು ನೀನು ಹೊದೀತೀಯಾ ಎಂದೆಲ್ಲ. ಕಾರು ಟರ್ನ್‌ಪೈಕ್ ಹೆದ್ದಾರಿ ಹತ್ತಿದ ಮೇಲೆ ಅವಳು ನನ್ನತ್ತ ತಿರುಗಿದಳು.

“ಸತ್ತಾವ ನಮ್ಮಣ್ಣ,” ಎಂದಳು.

ನಾನು ಕಾರನ್ನು ಬಲಗಡೆಯ ನಿಧಾನದ ಸಾಲಿಗೆ ತಂದೆ.

ಅಣ್ಣನಿಗೆ ಮೋಟಾರು ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಆ ವರ್ಷ ಊರ ಸುತ್ತ ಟ್ರಾನ್ಸ್‌ಫಾರ್ಮರ್‌ಗಳಿಂದ ತಾಮ್ರ ಕಳುವಾಗುತ್ತಿತ್ತು. ತಾಮ್ರ ಕೊಳ್ಳುವವನು ಎಂದು ಒಂದು ಸೋಮವಾರ ಅವನನ್ನು ಕರೆದೊಯ್ದರು. ಅಕ್ಕ ಆಗ ಕಾಲೇಜು ಹುಡುಗಿ. ದಿನಾ ಮಧ್ಯಾಹ್ನ ಠಾಣೆಗೆ ಊಟದ ಡಬ್ಬಿ ಒಯ್ಯುತ್ತಿದ್ದಳು. ಒಳಗೆ ಬಿಡುತ್ತಿರಲಿಲ್ಲ. ಬಾಗಿಲಲ್ಲೇ ಇಸಿದುಕೊಂಡು, ಸಂಜೆ ಖಾಲಿ ಡಬ್ಬಿ ಕೊಡುತ್ತಿದ್ದರು.

“ಖಾಲಿ ಡಬ್ಬಿ ನೋಡಿ ನಮ್ಮವ್ವ ದೇವರಿಗೆ ಕೈ ಎತ್ತತಿದ್ಲು. ಉಂಡಾನ, ಅಂದ್ರ ಹೊಡದಿಲ್ಲ ಅಂತ. ಶನಿವಾರದ ತನಕಾ ಒಯ್ದೆ. ಭಾನುವಾರ ಬಾವ್ಯಾಗ ಹೆಣ ಸಿಕ್ಕಿತು ಅಂದ್ರು. ಪೋಸ್ಟ್‌ಮಾರ್ಟಮ್ ಮಾಡಿದ ಡಾಕ್ಟರು ಬರದಾರ, ಬುಧವಾರನ ಸತ್ತಾನ ಅಂತ.”

ಅವಳು ಕಿಟಕಿಯ ಕಡೆ ತಿರುಗಿದಳು.

“ಗುರುವಾರ, ಶುಕ್ರವಾರ, ಶನಿವಾರ. ಆ ಡಬ್ಬಿ ಉಂಡಾವ ಯಾರು ತಂಗಿ? ಕೋರ್ಟಿನಾಗ ನಮ್ಮ ವಕೀಲರಿಗೆ ಹೇಳಿದೆ, ಇದನ್ನ ಕೇಳ್ರಿ ಅಂತ. ಇದೇನು ದೊಡ್ಡ ಪ್ರಶ್ನೆ ಅಲ್ಲ ಬಿಡಮ್ಮಾ ಅಂದ್ರು. ನನಗ ಅದಽ ದೊಡ್ಡದು.”

ಮಾನವ ಹಕ್ಕುಗಳ ಗುಂಪಿನವರಿಗೆ ಕಾಗದಗಳನ್ನು ಕೊಟ್ಟವಳೂ ಅವಳೇ. ವೀಸಾ ನಿಂತದ್ದು ಅದರಿಂದಲೋ ಅವಳಿಗೂ ತಿಳಿಯದು. ಯಾರೂ ಅವಳಿಗೆ ತಿಳಿಸಲಿಲ್ಲ, ತಿಳಿಸುವವರೂ ಇಲ್ಲ.

“ಹಾಗಿದ್ರೆ ಬರದೇ ಇದ್ದದ್ದು ನಿಂಗೆ ಸಮಾಧಾನ ಅಲ್ವಾ ಅಕ್ಕಾ?” ಎಂದು ಕೇಳಿದೆ.

“ಏನ್ ಸಮಾಧಾನ! ಅವ ಬರತಾನ ಅಂದಾಗ ನಾ ಎಷ್ಟು ಹಿಗ್ಗಿದ್ದೆ ಗೊತ್ತೇನು? ಊರಾಗ ಅವನ ಮುಂದ ನಿಂದ್ರಾಕ ಆಗತಿದ್ದಿಲ್ಲ. ಬಾಗಿಲದಾಗ ಪೊಲೀಸು, ಒಳಗ ಪೊಲೀಸು. ಇಲ್ಲಿ ಯಾರದಾರ? ಶಾಲು, ಹಾರ, ಬಿಸಿಬೇಳೆಬಾತು! ಎದುರಿಗೆ ನಿಂತು ಕೇಳಬೌದಿತ್ತು. ವೀಸಾ ಕೊಡದ ಇವರು ಅದನ್ನೂ ಕಸಗೊಂಡ್ರು. ಈಗ ನಿಮ್ಮ ಅಂಕಲ್ಲು ತಾನಾಗೇ ಕರದು ಮೈಕ್ ಕೊಡತಾರ. ಬ್ಯಾಡ ಅನ್ನಲೇನು?”

ಕಮಿಟಿಗೆ ಮೊದಲೇ ಹೇಳಿಬಿಡೋಣ ಎಂದೆ. ಹೇಳಿದರೆ ಮೈಕ್ ಸಿಗುವುದಿಲ್ಲ ಎಂದಳು. ಅದು ನಿಜ. ಹೇಳದಿದ್ದರೆ ಕನ್ನಡ ಶಾಲೆ ಹೋಗಬಹುದು ಎಂದೆ. ಅದೂ ಅವಳಿಗೆ ಗೊತ್ತಿತ್ತು.

ನವೆಂಬರಿನ ಮೂರನೆಯ ಶನಿವಾರ ಕಾರ್ಯಕ್ರಮ. ಶಾಲೆಯೊಂದರ ಸಭಾಂಗಣ. ಇಲ್ಲಿ ಬೆಳಿಗ್ಗೆ ಹನ್ನೊಂದಾದರೆ ಅಲ್ಲಿ ರಾತ್ರಿ ಒಂಬತ್ತೂವರೆ ಎಂದು ಬೆಳಿಗ್ಗೆಯೇ ಇಟ್ಟುಕೊಂಡಿದ್ದರು. ನಮ್ಮ ಇತಿಹಾಸದಲ್ಲಿ ಹೇಳಿದ ಹೊತ್ತಿಗೆ ಶುರುವಾದ ಏಕೈಕ ಕಾರ್ಯಕ್ರಮ ಅದು. ವೇದಿಕೆಯ ನಡುವೆ ದೊಡ್ಡ ಪರದೆ, ಪಕ್ಕದಲ್ಲಿ ಕೆಂಪು ಮಖಮಲ್ಲಿನ ಕುರ್ಚಿ. ಹಾರ ಬೆಲ್‌ರೋಸ್‌ನ ಭಾರತೀಯ ಹೂವಿನಂಗಡಿಯಿಂದ ಬಂದಿತ್ತು. ಲ್ಯಾಪ್‌ಟಾಪ್ ನೋಡಿಕೊಳ್ಳುವ ಕೆಲಸ ನನ್ನದು.

ಪರದೆಯ ಮೇಲೆ ಅತಿಥಿ ರೇಷ್ಮೆ ಜುಬ್ಬ ತೊಟ್ಟು ಕೂತಿದ್ದರು. ಹಿಂದೆ ಪುಸ್ತಕದ ಕಪಾಟು, ನಗುಮುಖ. “ನಿಮ್ಮ ದೇಶ ನನ್ನನ್ನ ಒಳಗೆ ಬಿಡಲಿಲ್ಲ. ಆದ್ರೆ ನೀವು ನಿಮ್ಮ ಹೃದಯದೊಳಗೇ ಬಿಟ್ಟುಕೊಂಡ್ರಿ!” ಎಂದರು. ಚಪ್ಪಾಳೆ ನಿಲ್ಲಲಿಲ್ಲ. ಆಮೇಲೆ ದಯೆಯ ಬಗ್ಗೆ ಇಪ್ಪತ್ತಾರು ನಿಮಿಷ ಮಾತಾಡಿದರು. ಇರುವೆಯನ್ನೂ ತುಳಿಯದೆ ನಡೆಯಬೇಕಂತೆ. ಮುಂದಿನ ಸಾಲಿನಲ್ಲಿ ಅಕ್ಕ ತನ್ನ ಇಪ್ಪತ್ತೆರಡು ಮಕ್ಕಳ ನಡುವೆ ಕೂತು ಕೇಳಿದಳು. ಒಬ್ಬ ಹುಡುಗಿಯ ಬಿಚ್ಚಿಹೋದ ಜಡೆಯನ್ನು ಅಷ್ಟು ಹೊತ್ತೂ ಹೆಣೆಯುತ್ತಿದ್ದಳು.

“ಈಗ ಸಾಹೇಬರ ಪರವಾಗಿ, ಅವರು ಸೇವೆ ಸಲ್ಲಿಸಿದ ಊರಿನ ಮಗಳು, ನಮ್ಮೆಲ್ಲರ ಪ್ರೀತಿಯ ಟೀಚರ್!” ಎಂದು ಅಂಕಲ್ ಕೂಗಿದರು.

ಅಕ್ಕ ವೇದಿಕೆ ಹತ್ತಿದಳು. ಕುರ್ಚಿಯಲ್ಲಿ ಕೂರಲಿಲ್ಲ. ಅಂಕಲ್ ಶಾಲು ಬಿಚ್ಚಿ ಹೊದಿಸಲು ಬಂದಾಗ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮಡಿಸಿ, ಕುರ್ಚಿಯ ಮೇಲಿಟ್ಟಳು. ವಿನಯ ಎಂದುಕೊಂಡು ಜನ ಇನ್ನೊಂದು ಸಲ ಚಪ್ಪಾಳೆ ತಟ್ಟಿದರು. ಅಂಕಲ್ ಮೈಕ್ ಕೊಟ್ಟರು. ಅವಳು ಸಭೆಗೆ ಬೆನ್ನು ಹಾಕಿ ಪರದೆಯ ಕಡೆ ತಿರುಗಿದಳು.

“ನಮಸ್ಕಾರ ಸರ್. ನನ್ನ ದನಿ ಕೇಳಸತೈತೇನ್ರಿ?”

“ಕೇಳಿಸ್ತಿದೆಯಮ್ಮಾ, ಹೇಳಿ ಹೇಳಿ. ನಿಮ್ಮೂರಿನ ನೀರಿನ ಋಣ ನನ್ನ ಮೇಲಿದೆ.”

“ಊಟದ ಋಣಾನೂ ಐತಿ ಸರ್. ನಿಮ್ಮ ಠಾಣೆಗೆ ನಾ ದಿನಾ ಡಬ್ಬಿ ತರತಿದ್ದೆ. ನಮ್ಮಣ್ಣನ್ನ ಒಳಗ ಇಟ್ಟಿದ್ರಿ. ಅವ ಬುಧವಾರ ಸತ್ತ. ಗುರುವಾರ, ಶುಕ್ರವಾರ, ಶನಿವಾರ ನೀವು ನನ್ನ ಕಡೆಯಿಂದ ಡಬ್ಬಿ ಇಸಗೊಂಡು, ಸಂಜೀಕ ಖಾಲಿ ಮಾಡಿ ಕೊಟ್ರಿ. ಉಂಡಾವ್ರು ಯಾರು ಅಂತ ಕೇಳಬೇಕಾಗಿತ್ತು.”

ಸಭೆಯಲ್ಲಿ ಏನೂ ಅರ್ಥವಾಗದ ಸದ್ದು. ಕಮಿಟಿಯ ಒಬ್ಬರು ನನ್ನತ್ತ ನೋಡಿ ಬೆರಳಿನಿಂದ ಗಂಟಲು ಕೊಯ್ಯುವ ಹಾಗೆ ಸನ್ನೆ ಮಾಡಿದರು. ಮ್ಯೂಟ್ ಮಾಡು ಎಂದು. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಪರದೆಯ ಮೇಲಿನ ನಗು ಕೂಡಲೇ ಹೋಗಲಿಲ್ಲ. ಅತಿಥಿ ತಲೆ ಓರೆ ಮಾಡಿ, ನೆನಪಿಸಿಕೊಳ್ಳುವವರ ಹಾಗೆ, ನಿಜವಾಗಿಯೂ ನೆನಪಿಸಿಕೊಳ್ಳುವವರ ಹಾಗೆ, ಕೇಳಿದರು:

“ಯಾವ ಕೇಸಮ್ಮಾ ಅದು?”

ಅಕ್ಕ ಕೇಳಿದಳು: “ಎಷ್ಟಿದ್ದವು ಸರ್?”

ಅಷ್ಟರಲ್ಲಿ ಅಂಕಲ್ ಮೈಕ್ ಕಸಿದುಕೊಂಡಿದ್ದರು. ಪರದೆ ಕಪ್ಪಾಯಿತು. ನಾನು ಏನೂ ಒತ್ತಿರಲಿಲ್ಲ. ಹೊರಟುಹೋದವರು ಅವರೇ. “ತಾಂತ್ರಿಕ ತೊಂದರೆ, ಊಟಕ್ಕೆ ಏಳೋಣ,” ಎಂದು ಅಂಕಲ್ ಹೇಳಿದರು. ಜನ ಎದ್ದರು. ನಿಜವಾಗಿಯೂ ಎದ್ದು ಊಟಕ್ಕೆ ಸಾಲು ನಿಂತರು.

ಆ ಸಾಲಿನಲ್ಲಿ ಕೇಳಿದ್ದನ್ನು ಅಂದೇ ಬರೆದಿಟ್ಟಿದ್ದೇನೆ. “ಹಬ್ಬದ ದಿನ ಹೆಣದ ಮಾತು.” “ಮಕ್ಕಳಿದ್ರು, ಸೆನ್ಸ್ ಬೇಡ್ವಾ?” “ಇವರಿಗೆ ಎಲ್ಲದ್ರಲ್ಲೂ ಪಾಲಿಟಿಕ್ಸ್.” ಇವರಿಗೆ ಎಂದರೆ ಯಾರಿಗೆ ಎಂದು ನಾನು ಕೇಳಿದೆ. ಹೇಳಿದವರು ಹಪ್ಪಳ ಮುರಿಯುವುದರಲ್ಲಿ ಮಗ್ನರಾದರು. ಧಾರವಾಡದ ಅಜ್ಜಿಯೊಬ್ಬರು, ಮಗಳ ಮನೆಗೆ ಬಂದವರು, ತಟ್ಟೆ ಹಿಡಿಯದೆ ಅಕ್ಕನ ಪಕ್ಕದಲ್ಲಿ ಬಂದು ಕೂತರು. ಮಗಳು ಬಂದು ಕರೆದಾಗಲೂ ಏಳಲಿಲ್ಲ.

ಅಂಕಲ್ ಕೊನೆಗೆ ನಮ್ಮ ಹತ್ತಿರ ಬಂದರು. ನಿಜ ಹೇಳಬೇಕೆಂದರೆ ಅವರ ಮುಖ ಬಿಳಿಚಿಕೊಂಡಿತ್ತು. ಈಗಲಾದರೂ ಒಂದು ಮಾತು ಹೊರಡುತ್ತದೆ ಎಂದುಕೊಂಡೆ. ಹೊರಟ ಮಾತು ಇದು:

“ಟೀಚರ್, ಒಂದು ಮಾತು ಮೊದಲೇ ಹೇಳಿದ್ರೆ ಆಗ್ತಿರಲಿಲ್ವಾ? ಶಾಲು ತಗೊಳ್ಳೋಕೆ ಬೇರೆ ಯಾರನ್ನಾದ್ರೂ ಕೂರಿಸ್ತಿದ್ವಿ.”

ನನ್ನ ಸಿಟ್ಟಿನ ಬೇರು ಈ ಮಾತಿನಲ್ಲಿದೆ. ಒಬ್ಬ ಸತ್ತಿದ್ದಾನೆ, ಸತ್ತವನ ಊಟವನ್ನು ಮೂರು ದಿನ ಉಂಡಿದ್ದಾರೆ, ಅದನ್ನು ಕೇಳಿದರೆ ಯಾವ ಕೇಸು ಎನ್ನುತ್ತಾರೆ. ನಮ್ಮ ಸಂಘಕ್ಕೆ ಇದರಲ್ಲೆಲ್ಲ ಕಂಡ ತಪ್ಪು ಒಂದೇ: ಕುರ್ಚಿಯಲ್ಲಿ ಕೂರಿಸಿದ ಮನುಷ್ಯರ ಆಯ್ಕೆ. ವೀಸಾ ಇಲ್ಲವೆಂದ ಸರ್ಕಾರ ಯಾಕೆಂದು ಹೇಳಲಿಲ್ಲ. ನಾವು ಯಾಕೆಂದು ಕೇಳಲಿಲ್ಲ. ಕೇಳಿದವಳಿಗೆ ಸಭ್ಯತೆಯ ಪಾಠ ಹೇಳಿದೆವು. ಆ ಅತಿಥಿಯ ಹಳೆಯ ವಿಡಿಯೊಗಳನ್ನು ಗುಂಪಿನಲ್ಲಿ ಈಗಲೂ ಹಂಚುತ್ತಾರೆ, ಬೆಳಗಿನ ಶುಭಾಶಯದ ಜೊತೆಗೆ.

ಮುಂದಿನ ಬುಧವಾರ ಸಂಘದ ಸಂದೇಶ ಬಂತು. ಕೋಣೆಯ ಬಾಡಿಗೆ ಕರಾರಿನ ತೊಡಕಿನಿಂದಾಗಿ ಕನ್ನಡ ತರಗತಿಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ. ತೊಡಕೇನೆಂದು ಕೇಳಿ ಬರೆದೆ. ಉತ್ತರವಿಲ್ಲ. ಮೂರು ಸಲ ಬರೆದೆ. ನನ್ನನ್ನು ಗುಂಪಿನಿಂದ ತೆಗೆದರು.

ಅಕ್ಕ ಅತ್ತಳು. ಸಭೆಯಲ್ಲಿ ಅಳದವಳು, ಮಕ್ಕಳ ಪಾಠ ನಿಂತದ್ದಕ್ಕೆ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಒಬ್ಬೊಬ್ಬರ ಮನೆಗೂ ಫೋನ್ ಮಾಡಿದಳು: ಭಾನುವಾರ ನನ್ನ ಮನೆಯಾಗ ಪಾಠ ಐತ್ರಿ, ಕಳಸೋರು ಕಳಸ್ರಿ.

ಜರ್ಸಿ ಸಿಟಿಯ ಅವಳ ಮನೆ ಎರಡು ಕೋಣೆಯದು. ಇಪ್ಪತ್ತೆರಡರಲ್ಲಿ ಏಳು ಮಕ್ಕಳು ಬಂದರು. ಒಬ್ಬಳು ಆ ಧಾರವಾಡದ ಅಜ್ಜಿಯ ಮೊಮ್ಮಗಳು, ಅಜ್ಜಿಯ ಜೊತೆಗೇ ಬಂದಳು. ನೆಲದ ಮೇಲೆ ಜಮಖಾನ ಹಾಸಿ ಕೂರಿಸಿದೆವು. ಅಕ್ಕ ಪುಸ್ತಕ ತೆರೆಯುವ ಮುಂಚೆ ಹತ್ತು ವರ್ಷದ ಹುಡುಗನೊಬ್ಬ ಕೈ ಎತ್ತಿದ.

“ಟೀಚರ್, ಡಿಡ್ ದಟ್ ಮ್ಯಾನ್ ಎವರ್ ಆನ್ಸರ್ ಯು?”

ಅಪ್ಪ ಅಮ್ಮ ಮನೆಯಲ್ಲಿ ಏನು ಹೇಳಿದ್ದರೋ, ಉಳಿದ ಮಕ್ಕಳು ತಲೆ ತಗ್ಗಿಸಿದರು. ನಾನು ಅವನನ್ನು ಸುಮ್ಮನಾಗಿಸಲು ಹೊರಟೆ. ಅಕ್ಕ ನನ್ನನ್ನು ತಡೆದಳು.

“ಇಲ್ಲಪಾ. ಉತ್ತರ ಕೊಡಲಿಲ್ಲ.”

“ಸೋ ವಾಟ್ ವಿಲ್ ಯು ಡು?”

“ಮತ್ತ ಕೇಳತೀನಿ,” ಎಂದಳು. “ಅವರು ಎಲ್ಲೆಲ್ಲಿ ಭಾಷಣ ಮಾಡತಾರೋ ಅಲ್ಲೆಲ್ಲಾ. ಫೋನ್ ಹಚ್ಚಿ ಕೇಳತೀನಿ, ಬರದು ಕೇಳತೀನಿ.”

ಹುಡುಗ ಸ್ವಲ್ಪ ಯೋಚಿಸಿದ. ತಡವರಿಸುತ್ತ, ಈ ಸಲ ಕನ್ನಡದಲ್ಲಿ ಹೇಳಿದ: “ನಾನೂ ಕೇಳಬಹುದಾ?”

ಅಜ್ಜಿ ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು. ಅಕ್ಕ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಪಾಠ ಶುರು ಮಾಡುವುದನ್ನು ಮರೆತವಳಂತೆ, ಅವನನ್ನೇ ನೋಡುತ್ತ ಕೂತಳು.